ಹೆಪ್ಪು ಹಂಚಿಕೊಳ್ಳುವ ಬ್ಯಾಕ್ಟೀರಿಯಾ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಜಾವಕ್ಕೇ ಕೊಟ್ಟಿಗೆಯ ದೀಪ ಹತ್ತಿಕೊಳ್ಳುತ್ತದೆ. ಹೊತ್ತು ಮೀರುವುದರೊಳಗೆ ಹಾಲು ಕರೆದು ಡೇರಿಗೆ ಹಾಕಬೇಕು. ಕರೆಯಲು ಕೂತ ಹೆಂಗಸಿಗೆ ಯಾವ ಯಂತ್ರವೂ ಹೇಳದ ಸಂಗತಿಯನ್ನು ಬೆರಳೇ ಹೇಳಿಬಿಡುತ್ತದೆ. ನಾಲ್ಕರಲ್ಲಿ ಒಂದು ಮೊಲೆ ಬಿಸಿಯಾಗಿದೆ, ಆ ಭಾಗದ ಕೆಚ್ಚಲು ಗಟ್ಟಿಯಾಗಿದೆ, ಎಂದೂ ಒದೆಯದ ಹಸು ಇವತ್ತು ಕಾಲು ಎತ್ತುತ್ತಿದೆ. ಮೊದಲ ಎರಡು ಧಾರೆಯನ್ನು ಕಪ್ಪು ತಟ್ಟೆಯ ಮೇಲೆ ಹಿಂಡಿ ನೋಡಿದರೆ ಹಾಲಿನ ನಡುವೆ ಒಡೆದ ಮೊಸರಿನಂಥ ಸಣ್ಣ ಸಣ್ಣ ಚೂರುಗಳು. ಕೆಚ್ಚಲು ಬಾವು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಮಳೆ ಬಂದ ವರ್ಷ ಹರಿಯುತ್ತದೆ, ಬಾರದ ವರ್ಷ ಮರಳಾಗಿ ಮಲಗುತ್ತದೆ. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ಬರೀ ದೂಳು ಎದ್ದ ಕಾಲವನ್ನು ಇಲ್ಲಿನ ರೈತರು ಕಂಡಿದ್ದಾರೆ. ಇಂಥ ನೆಲದಲ್ಲಿ ಮನೆ ನಡೆಸಿದ್ದು ಹಾಲು ಮತ್ತು ರೇಷ್ಮೆ. ಎಂ.ವಿ. ಕೃಷ್ಣಪ್ಪನವರಂಥ ನಾಯಕರು ಮಿಶ್ರತಳಿ ಹಸುಗಳನ್ನು ಈ ಜಿಲ್ಲೆಗೆ ಪರಿಚಯಿಸಲು ಪಟ್ಟ ಶ್ರಮದ ಫಲವಾಗಿ ‘ಸೀಮೆ ಹಸು’ ಎಂಬುದು ಇಲ್ಲಿನ ಮನೆಮಾತಾಯಿತು. ಡೇರಿಯ ಬಟವಾಡೆ ಬಂದ ದಿನ ಅಂಗಡಿಯ ಸಾಲ ತೀರುತ್ತದೆ, ಮಕ್ಕಳ ಫೀಸು ಕಟ್ಟಲಾಗುತ್ತದೆ. ಆದ್ದರಿಂದ ಕೆಚ್ಚಲು ಬಾವು ಬಂದರೆ ಮನೆಯವರು ಕಾಯುವುದಿಲ್ಲ. ಚುಚ್ಚುಮದ್ದು ಕೊಡಿಸುತ್ತಾರೆ, ಮೊಲೆಯೊಳಗೆ ಟ್ಯೂಬಿನ ಔಷಧಿ ಏರಿಸುತ್ತಾರೆ. ಮೊದಲೆಲ್ಲ ಒಂದೆರಡು ದಿನಕ್ಕೆ ಇಳಿಯುತ್ತಿದ್ದ ಬಾವು ಈಗ ಇಳಿಯುವುದಿಲ್ಲ, ಇಳಿದರೂ ತಿಂಗಳೊಳಗೆ ಮರಳುತ್ತದೆ ಎಂಬ ಮಾತು ಹಾಲು ಹಾಕಲು ಸಾಲು ನಿಂತವರ ನಡುವೆ ಕೇಳಿಬರುತ್ತದೆ.

ಆ ಮಾತಿನೊಳಗೆ ನಮ್ಮ ಕಾಲದ ಒಂದು ದೊಡ್ಡ ವೈದ್ಯಕೀಯ ಸಂಕಟ ಇದೆ. 2019ರ ಒಂದೇ ವರ್ಷದಲ್ಲಿ, ಔಷಧಿಗೆ ಮಣಿಯದ ಬ್ಯಾಕ್ಟೀರಿಯಾ ನೇರ ಕಾರಣವಾಗಿ ಜಗತ್ತಿನಲ್ಲಿ ಸತ್ತವರು ಸುಮಾರು 12.7 ಲಕ್ಷ ಮಂದಿ ಎಂದು 2022ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಮನುಷ್ಯರ ಆಸ್ಪತ್ರೆಯ ಈ ಲೆಕ್ಕಕ್ಕೂ ಶ್ರೀನಿವಾಸಪುರದ ಕೊಟ್ಟಿಗೆಗೂ ಏನು ಸಂಬಂಧ? ಸಂಬಂಧ ತಿಳಿಯಬೇಕಾದರೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಏನು ಕೊಟ್ಟುಕೊಳ್ಳುತ್ತವೆ ಎಂದು ನೋಡಬೇಕು.

ನಮ್ಮ ಕರುಳಿನಲ್ಲೂ ದನದ ಸಗಣಿಯಲ್ಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಒಡೆದು ಎರಡಾಗುತ್ತದೆ. ಸಂಜೆಯ ಒಂದು, ಬೆಳಗಾಗುವಷ್ಟರಲ್ಲಿ ಕೋಟಿ ಕೋಟಿ. ಇಷ್ಟು ಬೇಗ ಪ್ರತಿ ತೆಗೆಯುವಾಗ ಡಿಎನ್‌ಎಯಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಆಗುತ್ತದೆ. ಬಹುಪಾಲು ತಪ್ಪುಗಳಿಂದ ನಷ್ಟವೇ. ಎಲ್ಲೋ ಒಂದು ತಪ್ಪು ಮಾತ್ರ ಔಷಧಿಯ ಏಟಿನಿಂದ ಜೀವ ಉಳಿಸುತ್ತದೆ. ಔಷಧಿ ಬಿದ್ದಾಗ ಉಳಿದವೆಲ್ಲ ಸತ್ತು ಆ ಒಂದರ ಸಂತಾನಕ್ಕೆ ಇಡೀ ಜಾಗ ಖಾಲಿಯಾಗಿ ಸಿಗುತ್ತದೆ. ಆದರೆ ಇದು ಕಥೆಯ ಅರ್ಧ ಮಾತ್ರ. ಇನ್ನರ್ಧ 1959ರಲ್ಲಿ ಜಪಾನಿನಲ್ಲಿ ಬೆಳಕಿಗೆ ಬಂತು. ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಒಂದಲ್ಲ, ನಾಲ್ಕು ಔಷಧಿಗಳಿಗೆ ಒಟ್ಟೊಟ್ಟಿಗೇ ಬಗ್ಗದಾಗಿತ್ತು. ಈ ಶಕ್ತಿಯನ್ನು ಶಿಗೆಲ್ಲಾ ಮತ್ತು ಇ. ಕೋಲಿ ಎಂಬ ಬೇರೆ ಬೇರೆ ಜಾತಿಯವು ಮೈಗೆ ಮೈ ತಾಗಿಸಿ ಒಂದರಿಂದ ಒಂದು ಪಡೆಯುತ್ತವೆ ಎಂದು ಅಲ್ಲಿನ ವಿಜ್ಞಾನಿಗಳು ತೋರಿಸಿದರು. ಹೀಗೆ ದಾಟಿಹೋಗುವುದು ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಸಣ್ಣ ಉಂಗುರ.

ಇದನ್ನು ನಮ್ಮ ಅಡುಗೆಮನೆಯ ಮಾತಿನಲ್ಲೇ ಹೇಳಬಹುದು. ಮನೆಯಲ್ಲಿ ಮೊಸರು ಮುಗಿದರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ಕೊಟ್ಟವರ ಮೊಸರು ಕಡಿಮೆಯಾಗುವುದಿಲ್ಲ, ತಂದವರ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು. ನಾಳೆ ಅವರೂ ಇನ್ನೊಬ್ಬರಿಗೆ ಹೆಪ್ಪು ಕೊಡಬಲ್ಲರು. ಪ್ಲಾಸ್ಮಿಡ್ಡೂ ಹೀಗೆಯೇ. ಕೊಡುವ ಬ್ಯಾಕ್ಟೀರಿಯಾ ಒಂದು ಪ್ರತಿ ತೆಗೆದು ಕೊಡುತ್ತದೆ, ತನ್ನದನ್ನು ತಾನೇ ಇಟ್ಟುಕೊಳ್ಳುತ್ತದೆ. ಹೆಪ್ಪು ಕೇಳುವಾಗ ಜಾತಿ ನೋಡಬೇಕಾಗಿಲ್ಲ. ದನದ ಕೆಚ್ಚಲು, ತೋಟದ ಮಣ್ಣು, ಕೆರೆಯ ನೀರು, ಮಗುವಿನ ಕರುಳು ಇವೆಲ್ಲ ಒಂದೇ ಬೀದಿಯ ಮನೆಗಳು.

ಬೀದಿಯ ಎರಡನೇ ಮನೆಗೆ ಹೋಗೋಣ. ಕೋಲಾರದ ಎಪಿಎಂಸಿ ಏಷ್ಯಾದಲ್ಲೇ ದೊಡ್ಡ ಟೊಮೆಟೊ ಮಾರುಕಟ್ಟೆಗಳ ಸಾಲಿನಲ್ಲಿ ಹೆಸರು ಮಾಡಿದೆ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲೂ ದೊಡ್ಡ ಸಂತೆ. ಟೊಮೆಟೊಗೆ ಶಿಲೀಂಧ್ರದ ಕಾಟದ ಜೊತೆಗೆ ಬ್ಯಾಕ್ಟೀರಿಯಾದ ಕಾಟವೂ ಇದೆ. ನಿನ್ನೆ ಹಸಿರಾಗಿದ್ದ ಗಿಡ ಇಂದು ಬುಡಸಮೇತ ಸೊರಗಿ ನಿಲ್ಲುತ್ತದೆ. ಇದಕ್ಕೆ ಗೊಬ್ಬರದ ಅಂಗಡಿಗಳಲ್ಲಿ ವರ್ಷಗಟ್ಟಲೆ ಸಿಗುತ್ತಿದ್ದ ಮದ್ದು ಸ್ಟ್ರೆಪ್ಟೋಸೈಕ್ಲಿನ್ ಎಂಬ 6 ಗ್ರಾಂ ಪುಡಿಯ ಸಣ್ಣ ಪೊಟ್ಟಣ. ಅದರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೋಮೈಸಿನ್ ಎಂದರೆ ಕ್ಷಯರೋಗಕ್ಕೆ ಮನುಷ್ಯನ ಕೈಗೆ ಸಿಕ್ಕ ಮೊದಲ ಪರಿಣಾಮಕಾರಿ ಔಷಧಿ, 1943ರ ಶೋಧ. ಟೆಟ್ರಾಸೈಕ್ಲಿನ್ ಕುಲದ ಮೊದಲನೆಯದು 1948ರಲ್ಲಿ ಜಗತ್ತಿನ ಮುಂದೆ ಬಂದ ಆರಿಯೋಮೈಸಿನ್. ಅದು ಹೊರಬಂದದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದಾಗ. ಅಂಥ ಎರಡು ರತ್ನಗಳನ್ನು ನಾವು ಬಿಂದಿಗೆಯ ನೀರಿಗೆ ಕಲಸಿ ಹೊಲದ ಮೇಲೆ ಸಿಂಪಡಿಸಿದೆವು. ರೈತರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಅಂಗಡಿಯವರು ಕೊಟ್ಟದ್ದನ್ನು ಅವರು ತಂದರು, ಕೈಪಿಡಿಗಳಲ್ಲಿ ಬರೆದಿದ್ದನ್ನೇ ಮಾಡಿದರು. 2021ರ ಕೊನೆಯಲ್ಲಿ ಕೇಂದ್ರ ಕೃಷಿ ಸಚಿವಾಲಯ ಬೆಳೆಗಳ ಮೇಲೆ ಈ ಎರಡರ ಬಳಕೆಯನ್ನು ನಿಲ್ಲಿಸುವ ಕರಡು ಅಧಿಸೂಚನೆ ಹೊರಡಿಸಿತು. ಅದಕ್ಕೂ ಮೊದಲು, 2019ರ ಜುಲೈಯಲ್ಲಿ, ಕೋಳಿ ಮತ್ತು ಇತರ ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದಕ್ಕೆ ದೇಶದಲ್ಲಿ ನಿಷೇಧ ಬಂದಿತ್ತು. ತೀವ್ರ ನಿಗಾ ಘಟಕದಲ್ಲಿ ಬೇರೆಲ್ಲ ಔಷಧಿ ಸೋತ ಮೇಲೆ ವೈದ್ಯರು ಕೈಗೆತ್ತಿಕೊಳ್ಳುವ ಕೊನೆಯ ಮದ್ದು ಈ ಕೊಲಿಸ್ಟಿನ್.

ಮೂರನೇ ಮನೆ ಕೆರೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೊಳವೆಯಲ್ಲಿ ಹರಿದು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ದಿನಕ್ಕೆ ಸುಮಾರು 40 ಕೋಟಿ ಲೀಟರ್ ನೀರು ತರುವ ಲೆಕ್ಕದಲ್ಲಿ, ಕೆರೆಯಿಂದ ಕೆರೆಗೆ ಕೋಡಿ ಹರಿಸಿ ನೂರಕ್ಕೂ ಹೆಚ್ಚು ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಇದು. ಬತ್ತಿದ ಬಾವಿಗಳಲ್ಲಿ ನೀರು ಮೇಲೆದ್ದಿತು, ಬೀಳು ಬಿಟ್ಟ ಹೊಲಗಳಲ್ಲಿ ಮತ್ತೆ ಹಸಿರು ಕಂಡಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಈ ನೀರಿಗೆ ಎರಡನೇ ಹಂತದ ಸಂಸ್ಕರಣೆ ಮಾತ್ರ ಆಗಿರುತ್ತದೆ. ಕೊಳೆ, ವಾಸನೆ ಬಹಳಷ್ಟು ಹೋಗುತ್ತದೆ. ಔಷಧಿಗೆ ಮಣಿಯದ ಬ್ಯಾಕ್ಟೀರಿಯಾ ಮತ್ತು ಅವುಗಳ ಜೀನ್‌ಗಳು ಎರಡನೇ ಹಂತದಲ್ಲಿ ಪೂರ್ತಿ ಹೋಗುವುದಿಲ್ಲ ಎಂದು ಜಗತ್ತಿನ ಹಲವು ನಗರಗಳ ಸಂಸ್ಕರಣಾ ಘಟಕಗಳಲ್ಲಿ ಕಂಡುಬಂದಿದೆ. ಮಹಾನಗರದ ಮನೆ, ಆಸ್ಪತ್ರೆಗಳೆಲ್ಲದರ ಹೆಪ್ಪು ಒಂದೇ ಕೊಳವೆಯಲ್ಲಿ ಬರುವಾಗ, ನೀರಿನ ಕ್ಷಾರ, ಲೋಹ, ಆಮ್ಲಜನಕ ಅಳೆಯುವ ಜೊತೆಗೆ ಈ ಜೀನ್‌ಗಳನ್ನೂ ಕೆರೆ ಕೆರೆಯಲ್ಲಿ ಅಳೆಯಬೇಕು. ಮೂರನೇ ಹಂತದ ಸಂಸ್ಕರಣೆ ಕೋಲಾರದ ಜನ ಬಹಳ ದಿನದಿಂದ ಕೇಳುತ್ತಿರುವ ನ್ಯಾಯವಾದ ಬೇಡಿಕೆ.

ಇನ್ನು ಆಸ್ಪತ್ರೆ. ಕೋಲಾರ ಪಟ್ಟಣದ ಅಂಚಿನ ಟಮಕದಲ್ಲಿ 1986ರಲ್ಲಿ ಶುರುವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಇದೆ, ಪಟ್ಟಣದೊಳಗೆ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ. ಇಂಥ ಕಡೆಯ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ನಡೆಯುವ ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದೆ ಗಿಡಮೂಲಿಕೆಯ ಮಾತು ಬಂದಾಗಲೂ ತೀರ್ಪು ಕೊಡುವುದು ಇದೇ ತಟ್ಟೆ. ಅಂಗೈ ಅಗಲದ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಪೆಟ್ರಿ ತಟ್ಟೆ. ಅದರಲ್ಲಿ ಕಡಲಪಾಚಿಯಿಂದ ತೆಗೆದ ಅಗರ್ ಹಾಕಿ ಗಟ್ಟಿಯಾಗಿಸಿದ ಜೆಲ್ಲಿ. ರೋಗಿಯ ಮೂತ್ರದಿಂದಲೋ ಕೀವಿನಿಂದಲೋ ಬೆಳೆಸಿದ ಬ್ಯಾಕ್ಟೀರಿಯಾವನ್ನು ಹತ್ತಿಯ ಕಡ್ಡಿಯಲ್ಲಿ ಅದ್ದಿ, ಅಂಗಳ ಸಾರಿಸಿದ ಹಾಗೆ ಜೆಲ್ಲಿಯ ಮೇಲೆಲ್ಲ ಸವರುತ್ತಾರೆ. ಆಮೇಲೆ ಒಂದೊಂದು ಔಷಧಿಯಲ್ಲಿ ತೋಯಿಸಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ದೂರ ದೂರ ಇಡುತ್ತಾರೆ. ಮೈಬಿಸಿಯಷ್ಟು ಶಾಖದಲ್ಲಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ತೆಗೆದರೆ ತಟ್ಟೆ ತುಂಬ ಮಬ್ಬು ಬಿಳಿಯ ಹಾಸು. ಔಷಧಿ ಗೆದ್ದ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ತಿಳಿ ವೃತ್ತ. ಸೋತ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬಂದು ನಿಂತಿರುತ್ತದೆ. ಎರಡು ಮೂರು ದಿನ ಹಿಡಿಯುವ ಈ ಪರೀಕ್ಷೆಗೆ ಕಾಯದೆ ಅಂದಾಜಿನ ಮೇಲೆ ಮಾತ್ರೆ ಕೊಡುವುದು, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗುವುದು ನಮ್ಮಲ್ಲಿ ನಿತ್ಯದ ಮಾತು. 1945ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ಮಾಡುವಾಗಲೇ ಅಲೆಕ್ಸಾಂಡರ್ ಫ್ಲೆಮಿಂಗ್, ಸಾಲದಷ್ಟು ಪೆನಿಸಿಲಿನ್ ತೆಗೆದುಕೊಂಡರೆ ಬ್ಯಾಕ್ಟೀರಿಯಾಗೆ ಪಾಠ ಕಲಿಸಿದಂತಾಗುತ್ತದೆ ಎಂದು ಎಚ್ಚರಿಸಿದ್ದರು.

ಗಿಡಮೂಲಿಕೆಗೆ ಬರೋಣ. ಹೊಸ ಕುಲದ ಆಂಟಿಬಯಾಟಿಕ್ ಸಿಗುವುದು ತೀರ ಅಪರೂಪವಾದಾಗ ಜಗತ್ತಿನ ಪ್ರಯೋಗಾಲಯಗಳು ಗಿಡಗಳ ಕಡೆ ತಿರುಗಿದ್ದರಲ್ಲಿ ಅರ್ಥವಿದೆ. ಓಡಲಾರದ, ಒಂದೇ ಕಡೆ ಬೇರೂರಿ ನಿಂತ ಜೀವ ಕೋಟ್ಯಂತರ ವರ್ಷ ಸೂಕ್ಷ್ಮಜೀವಿಗಳ ನಡುವೆ ಬದುಕಿದೆ ಎಂದರೆ ಅದರ ಎಲೆ, ತೊಗಟೆಯಲ್ಲಿ ಏನೋ ಉಪಾಯ ಇರಲೇಬೇಕು. ಕೋಲಾರದ ಬಯಲಿನಲ್ಲಿ ಇಂಥ ಗಿಡಗಳಿಗೆ ಬರವಿಲ್ಲ. ಬೇಲಿಗೆ ಲಕ್ಕಿ, ಹೊಲದ ಬದುವಿಗೆ ಹೊಂಗೆ, ಕೆರೆಯ ಏರಿಗೆ ತಂಗಡಿ, ಹಿತ್ತಿಲಿಗೆ ಲೋಳೆಸರ ಮತ್ತು ಅಮೃತಬಳ್ಳಿ, ಮಾಲೂರಿನ ಕಡೆ ಊರಿಗೆ ಊರೇ ಆವರಿಸಿದ ನೀಲಗಿರಿ.

ಆದರೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಎಲೆಯ ಸಾರವನ್ನು ಬಿಲ್ಲೆಗೆ ಹನಿಸಿ ತಟ್ಟೆಯಲ್ಲಿಟ್ಟು, 14 ಮಿಲಿಮೀಟರ್ ತಿಳಿ ವೃತ್ತ ಬಂತು, ಆದ್ದರಿಂದ ಇದು ಔಷಧಿ ಎಂದು ಮುಗಿಸುವ ಪ್ರಬಂಧಗಳು ನಮ್ಮ ಕಾಲೇಜುಗಳಲ್ಲಿ ರಾಶಿ ರಾಶಿ. ಅಲ್ಲಿಗೆ ಮುಗಿಸುವುದು ತಪ್ಪು. ಸಾರ ತೆಗೆಯಲು ಬಳಸಿದ ಮೆಥನಾಲ್ ತಾನೇ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು, ಆದ್ದರಿಂದ ಬರೀ ಮೆಥನಾಲ್ ಹನಿಸಿದ ಬಿಲ್ಲೆಯನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಇನ್ನು ಪ್ರಮಾಣ. ಒಳ್ಳೆಯ ಆಂಟಿಬಯಾಟಿಕ್ ಒಂದು ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೆ ಸಾಕು. ಒರಟು ಸಾರಕ್ಕೆ ಎಷ್ಟೋ ಸಲ ಅದರ ಸಾವಿರ ಪಟ್ಟು ಬೇಕಾಗುತ್ತದೆ. ಅಷ್ಟನ್ನು ರಕ್ತಕ್ಕೆ ತಲುಪಿಸಬೇಕಾದರೆ ಬುಟ್ಟಿಗಟ್ಟಲೆ ಸೊಪ್ಪು ತಿನ್ನಬೇಕು. ಗಾಯಕ್ಕೆ, ಚರ್ಮಕ್ಕೆ, ಬಾಯಿಗೆ ಹಚ್ಚುವ ಮಾತು ಬೇರೆ, ರಕ್ತದ ಸೋಂಕಿನ ಮಾತು ಬೇರೆ. ನಾಟಿ ಮದ್ದಿನ ಮೇಲಿನ ಪ್ರೀತಿಯಿಂದ ಈ ಗೆರೆಯನ್ನು ಅಳಿಸಿದರೆ ಜೀವಕ್ಕೇ ಅಪಾಯ.

ಗಿಡದ ಗುರುತೂ ದೊಡ್ಡ ವಿಷಯ. ಕೋಲಾರ ಕನ್ನಡ ಮತ್ತು ತೆಲುಗು ಕೂಡುವ ಗಡಿ. ಮುಳಬಾಗಿಲಿನ ಒಂದೇ ಬೀದಿಯಲ್ಲಿ ಒಬ್ಬರ ಲಕ್ಕಿ ಇನ್ನೊಬ್ಬರಿಗೆ ವಾವಿಲಿ, ಒಬ್ಬರ ನೆಲನೆಲ್ಲಿ ಇನ್ನೊಬ್ಬರಿಗೆ ನೇಲ ಉಸಿರಿ. ಹೆಸರು ಎರಡಾದರೂ ಗಿಡ ಒಂದೇ ಆದರೆ ತೊಂದರೆಯಿಲ್ಲ. ಒಂದೇ ಹೆಸರಿನಲ್ಲಿ ಹಲವು ಗಿಡ ಬಂದಾಗ ತೊಂದರೆ. ಬೆಂಗಳೂರಿನ ಸಸ್ಯವಿಜ್ಞಾನಿಗಳ ತಂಡ ದಕ್ಷಿಣ ಭಾರತದ ಗ್ರಂಥಿಗೆ ಅಂಗಡಿಗಳಿಂದ ನೆಲನೆಲ್ಲಿ ಕೊಂಡು ತಂದು, ರೂಪ ನೋಡಿ, ಡಿಎನ್‌ಎ ನೋಡಿ ಪರೀಕ್ಷಿಸಿದಾಗ ಅದರಲ್ಲಿ ಅದೇ ಕುಲದ ಬೇರೆ ಬೇರೆ ಜಾತಿಗಳು ಬೆರೆತಿದ್ದವು. ಅಮೃತಬಳ್ಳಿಯ ವಿಚಾರವೂ ಹಾಗೆ. 2020ರ ಕೊರೊನಾ ದಿನಗಳಲ್ಲಿ ಅದರ ಕಷಾಯ ಕುಡಿದಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ಮುಂಬೈನ ವೈದ್ಯರು ವರದಿ ಮಾಡಿದರು. ಬಳ್ಳಿಯ ಗುರುತು ಸರಿಯಾಗಿ ಹಿಡಿದಿಲ್ಲ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಯಾವ ಕಡೆ ನಿಂತು ನೋಡಿದರೂ, ಗುರುತು ಖಚಿತವಿಲ್ಲದ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯಬಾರದು.

ಇಷ್ಟು ಹೇಳಿದ ಮೇಲೆ ಗಿಡಗಳ ನಿಜವಾದ ಜಾಣ್ಮೆಯ ಕಡೆ ಧೈರ್ಯವಾಗಿ ಹೋಗಬಹುದು. ಅಮೃತಬಳ್ಳಿಯಲ್ಲೂ ಮರದರಿಶಿನದಲ್ಲೂ ಬರ್ಬೆರಿನ್ ಎಂಬ ಹಳದಿ, ಕಹಿ ವಸ್ತು ಇದೆ. ಅದು ಬ್ಯಾಕ್ಟೀರಿಯಾಗೆ ವಿಷ. ಆದರೆ ಕೆಚ್ಚಲು ಬಾವಿಗೂ ಮನುಷ್ಯರ ಕುರುವಿಗೂ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಆರಿಯಸ್‌ನ ಕೋಶಪೊರೆಯಲ್ಲಿ ಒಂದು ಪಂಪು ಇದೆ. ಬಾವಿಯ ನೀರನ್ನು ಮೋಟರು ಎತ್ತಿ ಹಾಕುವ ಹಾಗೆ ಒಳಗೆ ಬಂದ ಬರ್ಬೆರಿನ್ನನ್ನು ಅದು ಹೊರಗೆ ಎತ್ತಿ ಹಾಕುತ್ತದೆ. ಹಾಗಾದರೆ ಗಿಡ ಸೋತಿತೇ? 2000ದಲ್ಲಿ ಅಮೆರಿಕದ ಫ್ರಾಂಕ್ ಸ್ಟೆರ್ಮಿಟ್ಸ್, ಕಿಮ್ ಲೂಯಿಸ್ ಮತ್ತು ಜೊತೆಗಾರರು ಅಲ್ಲಿನ ಬರ್ಬೆರಿನ್ ಇರುವ ಗಿಡಗಳ ಎಲೆಯಲ್ಲಿ ಇನ್ನೊಂದು ವಸ್ತುವನ್ನು ಕಂಡರು. ಅದನ್ನು ಒಂದನ್ನೇ ಬಿಲ್ಲೆಗೆ ಹನಿಸಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅದರ ಕೆಲಸ ಆ ಪಂಪಿನ ಬಾಯಿ ಕಟ್ಟುವುದು. ಪಂಪು ನಿಂತರೆ ಬರ್ಬೆರಿನ್ ಒಳಗೇ ತುಂಬಿಕೊಂಡು ಬ್ಯಾಕ್ಟೀರಿಯಾ ಸಾಯುತ್ತದೆ. ಒಂದು ವಸ್ತು ಹೊಡೆಯುತ್ತದೆ, ಇನ್ನೊಂದು ಬಾಗಿಲು ಹಿಡಿಯುತ್ತದೆ. ಗಿಡದಿಂದ ಒಂದೇ ವಸ್ತುವನ್ನು ಬೇರ್ಪಡಿಸಿ ಪರೀಕ್ಷಿಸುವಾಗ ಇಂಥ ಜೋಡಿಗಳು ಕೈತಪ್ಪಿ ಹೋಗುತ್ತವೆ. ಹಳೆಯ ಆಂಟಿಬಯಾಟಿಕ್‌ಗೆ ಪಂಪು ಕಟ್ಟುವ ಜೊತೆಗಾರ ಸಿಕ್ಕರೆ ಸೋತ ಔಷಧಿ ಮತ್ತೆ ಗೆಲ್ಲಬಹುದು. ಗಿಡಮೂಲಿಕೆ ಸಂಶೋಧನೆಯಲ್ಲಿ ನನಗೆ ಅತ್ಯಂತ ಭರವಸೆಯ ದಾರಿಯಾಗಿ ಕಾಣುವುದು ಇದೇ.

ಇನ್ನೊಂದು ಉದಾಹರಣೆ ಶ್ರೀನಿವಾಸಪುರದ ತಿಪ್ಪೆಯಲ್ಲೇ ಬಿದ್ದಿದೆ. ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ ಎಂದು ಬೇಸಿಗೆಯುದ್ದಕ್ಕೂ ಲೋಡುಗಟ್ಟಲೆ ಹೊರಡುವ ಮಾವಿನ ನಾಡು ಅದು. ತಿರುಳು ತೆಗೆದ ಮೇಲೆ ವಾಟೆ ಕಸ. ಹಿಂದೆ ಭೇದಿಯಾದಾಗ ವಾಟೆಯೊಳಗಿನ ಬೀಜವನ್ನು ತೇಯ್ದು ಕೊಡುವ ಮನೆಮದ್ದು ಇತ್ತು. 2009ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಆ ಬೀಜದ ಒಗರಿಗೆ ಕಾರಣವಾದ ಗ್ಯಾಲೊಟ್ಯಾನಿನ್‌ಗಳನ್ನು ಬೇರ್ಪಡಿಸಿ ಪರೀಕ್ಷಿಸಿದರು. ಅವು ಬ್ಯಾಕ್ಟೀರಿಯಾಗೆ ಬೇಕಾದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಅದನ್ನು ಉಪವಾಸ ಕೆಡವುತ್ತವೆ. ಮೊಸರು ಮಾಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗೆ ಮಾತ್ರ ಹೆಚ್ಚೇನೂ ಆಗಲಿಲ್ಲ, ಏಕೆಂದರೆ ಅವು ಕಬ್ಬಿಣವಿಲ್ಲದೆಯೂ ಬದುಕಬಲ್ಲವು. ಆಹಾರ ಕೆಡಿಸುವ ಜೀವಿ ಸೊರಗಿ ಮೊಸರಿನ ಜೀವಿ ಉಳಿಯುವ ಇಂಥ ವಸ್ತು ನಮ್ಮ ಊರಿನ ಕಸದಲ್ಲಿದೆ ಎಂಬುದನ್ನು ಇಲ್ಲಿನ ವಿಜ್ಞಾನ ಕಾಲೇಜುಗಳ ಮಕ್ಕಳು ತಿಳಿಯಬೇಕು, ಪರೀಕ್ಷೆಯ ತಟ್ಟೆಗೆ ತರಬೇಕು.

ಈಗ ಮತ್ತೆ ಕೊಟ್ಟಿಗೆಗೆ. ಬೆಂಗಳೂರಿನ ಯಲಹಂಕದ ಬಳಿ 1993ರಲ್ಲಿ ದರ್ಶನ್ ಶಂಕರ್ ಕಟ್ಟಿದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ, ತಮಿಳುನಾಡಿನ ಪಶುವೈದ್ಯ ಪ್ರಾಧ್ಯಾಪಕ ಎನ್. ಪುಣ್ಯಮೂರ್ತಿಯವರ ಜೊತೆ ಸೇರಿ ದನಗಳ ನಾಟಿ ಮದ್ದುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ಕೆಚ್ಚಲು ಬಾವಿನ ಮದ್ದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಾಲು ಉತ್ಪಾದಕರಿಗೆ ಹೇಳಿಕೊಡುತ್ತಿದೆ. ಲೋಳೆಸರ 250 ಗ್ರಾಂ, ಅರಿಶಿನದ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಮೂರನ್ನೂ ರುಬ್ಬಿದರೆ ಹಳದಿ ಹೋಗಿ ಕೆಂಪಗಿನ ಲೇಪ ಬರುತ್ತದೆ. ಮದುವೆ ಮನೆಯ ಆರತಿ ನೀರು ಕೆಂಪಾಗುವುದೂ ಇದೇ ರಸಾಯನದಿಂದ, ಅರಿಶಿನದ ಕರ್ಕ್ಯುಮಿನ್ ಸುಣ್ಣದ ಕ್ಷಾರಕ್ಕೆ ಬಣ್ಣ ಬದಲಿಸುತ್ತದೆ. ಕೆಚ್ಚಲನ್ನು ಪೂರ್ತಿ ಕರೆದು, ತೊಳೆದು, ಒಂದು ಹಿಡಿ ಲೇಪವನ್ನು ನೀರಿನಲ್ಲಿ ತೆಳುಮಾಡಿ ಕೆಚ್ಚಲಿಗೆಲ್ಲ ಸವರಬೇಕು. ದಿನಕ್ಕೆ ಹಲವು ಬಾರಿ, ಐದು ದಿನ.

ಇದರಲ್ಲಿ ಗುಣ ಕೊಡುವುದು ಲೇಪವೋ, ಅಥವಾ ದಿನಕ್ಕೆ ಹಲವು ಸಲ ತೊಳೆದು ಕೆಚ್ಚಲು ಖಾಲಿ ಮಾಡುವ ಆರೈಕೆಯೋ ಎಂದು ಒಬ್ಬ ಒಳ್ಳೆಯ ಸಂಶೋಧಕಿ ಕೇಳಬೇಕು, ಬರೀ ತೊಳೆದ ಹಸುಗಳ ಗುಂಪನ್ನು ಪಕ್ಕದಲ್ಲಿಟ್ಟು ನೋಡಬೇಕು. ಆ ಪ್ರಶ್ನೆಯಿಂದ ಮದ್ದಿಗೆ ಅವಮಾನವಾಗುವುದಿಲ್ಲ. ತಾಗಿದ ಮೊದಲ ದಿನವೇ ಹಚ್ಚಿದ ಈ ಲೇಪದಿಂದ ಇಳಿಯುವ ಪ್ರತಿಯೊಂದು ಬಾವೂ ಒಂದು ಟ್ಯೂಬು ಆಂಟಿಬಯಾಟಿಕ್ ಉಳಿಸುತ್ತದೆ, ಅಷ್ಟು ಮಟ್ಟಿಗೆ ಹೆಪ್ಪು ಹರಡುವುದು ತಪ್ಪುತ್ತದೆ. ನಾಟಿ ಮದ್ದಿನ ನಿಜವಾದ ಜಾಗ ಇದು. ಆಂಟಿಬಯಾಟಿಕ್ ಬೇಕೇ ಬೇಕಾದ ದಿನ ಅದು ಕೆಲಸ ಮಾಡುವಂತೆ, ಬೇಡದ ದಿನಗಳಲ್ಲಿ ಅದು ಕಪಾಟಿನಲ್ಲೇ ಇರುವಂತೆ ನೋಡಿಕೊಳ್ಳುವುದು.

ಹಸು ಕಟ್ಟಿದ ಮನೆಯವರಿಗೆ ಒಂದು ಮಾತು. ಹಸುವಿಗೆ ಜ್ವರ ಬಂದು ಮೇವು ಬಿಟ್ಟರೆ, ಹಾಲು ನೀರಾಗಿ ರಕ್ತ ಬೆರೆತರೆ ಲೇಪ ಹಚ್ಚಿಕೊಂಡು ಕೂರಬೇಡಿ, ಅಂದೇ ಪಶುವೈದ್ಯರನ್ನು ಕರೆಸಿ. ಅವರು ಆಂಟಿಬಯಾಟಿಕ್ ಕೊಟ್ಟರೆ ಎಷ್ಟು ದಿನ ಹಾಲು ಬಿಡಬೇಕೆಂದು ಕೇಳಿ ತಿಳಿದುಕೊಳ್ಳಿ. ಅಷ್ಟು ದಿನ ಆ ಹಾಲನ್ನು ಡೇರಿಗೂ ಹಾಕಬೇಡಿ, ಮನೆಯ ಮಕ್ಕಳಿಗೂ ಕರುವಿಗೂ ಕುಡಿಸಬೇಡಿ.